ತಾಯ್ನುಡಿಯಲ್ಲಿ ಬರಬೇಕಿದ್ದ ಕಾಗದ

1950ರ ಸೇನಾ ಕಾಯ್ದೆಯ 23ನೇ ಕಲಮನ್ನು ಮೊದಲ ಬಾರಿ ಓದಿದ ದಿನ ಅದನ್ನೇ ಮೂರು ಸಲ ಓದಿದೆ. ಸೇನೆಯಿಂದ ಬಿಡುಗಡೆಯಾಗುವ ಪ್ರತಿ ಸಿಪಾಯಿಗೂ ಅವನ ಕಮಾಂಡಿಂಗ್ ಆಫೀಸರು ಒಂದು ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಮೂರು ಸಂಗತಿ ಇರಬೇಕು. ಅವನ ಸೇವೆಯನ್ನು ಕೊನೆಗೊಳಿಸಿದ ಅಧಿಕಾರಿ ಯಾರು, ಯಾವ ಕಾರಣಕ್ಕೆ ಕೊನೆಗೊಳಿಸಿದರು, ಅವನು ಒಟ್ಟು ಎಷ್ಟು ಕಾಲ ದುಡಿದ. ಇಷ್ಟೇ ಆಗಿದ್ದರೆ ಕಣ್ಣು ಮುಂದಕ್ಕೆ ಹೋಗಿಬಿಡುತ್ತಿತ್ತು. ಆದರೆ ಆ ಪತ್ರ ಯಾವ ಭಾಷೆಯಲ್ಲಿರಬೇಕು ಎಂದೂ ಕಾಯ್ದೆ ಹೇಳುತ್ತದೆ: ಸಿಪಾಯಿಯ ತಾಯ್ನುಡಿಯಲ್ಲಿ, ಜೊತೆಗೆ ಇಂಗ್ಲಿಷಿನಲ್ಲಿ. ತಾಯ್ನುಡಿಯ ಮಾತು ಮೊದಲು ಬರುತ್ತದೆ, ಇಂಗ್ಲಿಷು ಆಮೇಲೆ.

ಗಣರಾಜ್ಯವಾದ ವರ್ಷವೇ ಈ ಮಾತನ್ನು ಕಾಯ್ದೆಯೊಳಗೆ ಇಟ್ಟವರ ಕಣ್ಣೆದುರು ಯಾರಿದ್ದರೋ ತಿಳಿಯದು. ನನ್ನ ಕಣ್ಣೆದುರು ಬಂದದ್ದು ನಮ್ಮ ಕಡೆಯ ಮನೆಯ ಒಂದು ಮೂಲೆ. ಕಪ್ಪು ಬಣ್ಣದ ತಗಡಿನ ಟ್ರಂಕು, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು, ಪಲ್ಟನ್ನು. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದಗಳು. ಊರಿಗೆ ಬಂದವನು ತಾನು ಯಾಕೆ ಬಂದೆ ಎಂದು ಹೇಳುವುದಿಲ್ಲ. ಕಾಗದ ಹೇಳುತ್ತದೆ, ಆದರೆ ಓದುವವರಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಕನ್ನಡವನ್ನೇ ಓದಲಾಗದ ತಾಯಿ ಇಂಗ್ಲಿಷಿನ ವೈದ್ಯಕೀಯ ಮಂಡಳಿಯ ನಡವಳಿಯನ್ನು ಓದುವುದೆಲ್ಲಿ ಬಂತು?

ಕಾಲು ಕಳೆದುಕೊಂಡು ಬಂದ ಸೈನಿಕನಿಗೆ ಊರು ಹಾರ ಹಾಕುತ್ತದೆ. ಮನಸ್ಸು ಕದಡಿ ಬಂದವನಿಗೆ ಹಾರವಿಲ್ಲ. ‘ತಲಿ ಕೆಟ್ಟದಂತ, ಬೋರ್ಡ್ ಮಾಡಿ ಕಳಿಸ್ಯಾರಂತ’ ಎನ್ನುವ ಮಾತು ಅವನಿಗಿಂತ ಮೊದಲೇ ಬಸ್ ಇಳಿದಿರುತ್ತದೆ. ಸಿಟ್ಟಾದವನನ್ನು ‘ಧಾರವಾಡಕ್ಕ ಕಳಸ್ರಿ ಇವನ್ನ’ ಎಂದು ಹಂಗಿಸುವುದು ಉತ್ತರ ಕರ್ನಾಟಕದ ರೂಢಿ. ಅಲ್ಲಿನ ಮಾನಸಿಕ ಆಸ್ಪತ್ರೆ 19ನೇ ಶತಮಾನದ ನಡುಭಾಗದಿಂದಲೂ ಇದೆ, ಬೈಗುಳವೂ ಹೆಚ್ಚುಕಡಿಮೆ ಅಷ್ಟೇ ಹಳೆಯದಿರಬೇಕು. ಆ ಬೈಗುಳಕ್ಕೆ ಗುರಿಯಾದವನ ಕೈಯಲ್ಲಿರುವ ಸರ್ಕಾರಿ ಕಾಗದದಲ್ಲಿ ಏನು ಬರೆದಿದೆ, ಅದು ತಪ್ಪಿದ್ದರೆ ತಿದ್ದಿಸುವುದು ಹೇಗೆ ಎನ್ನುವುದು ಈ ಬರಹದ ವಿಷಯ.

ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಇವನು ಇಂಥವನೇ ಎಂದು ಬೆರಳು ತೋರಿಸಬಹುದಾದ ವ್ಯಕ್ತಿ ಅಲ್ಲ. ನಿಯಮಗಳು ಮೈಮೇಲೆ ಬಂದಾಗ ಹೇಗಿರುತ್ತವೆ ಎಂದು ತಿಳಿಯಲು ನಾನು ಕಟ್ಟಿಕೊಂಡವನು. ಸುರಪುರ ತಾಲ್ಲೂಕಿನ ಕೃಷ್ಣಾ ತೀರದ ಹಳ್ಳಿ. ಹತ್ತೊಂಬತ್ತನೇ ವಯಸ್ಸಿಗೆ ಭರ್ತಿಗೆ ಓಡಿ ಪಾಸಾದ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಯಾದಗಿರಿ ನಿಲ್ದಾಣಕ್ಕೆ ಬಂದೇ ಅವನು ಗಾಡಿ ಹತ್ತಿದ. ಭರ್ತಿಯ ದಿನ ವೈದ್ಯರು ಕಣ್ಣು, ಕಿವಿ, ಎದೆ, ಪಾದ ಎಲ್ಲವನ್ನೂ ನೋಡಿ ‘ಫಿಟ್’ ಎಂದು ಬರೆದರು. ಈ ಒಂದು ಪದವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇಡೀ ಮೊಕದ್ದಮೆ ಇದರ ಮೇಲೆ ನಿಲ್ಲುತ್ತದೆ.

ಐದಾರು ವರ್ಷ ಕಳೆಯುತ್ತವೆ. ಗಡಿಯ ಪೋಸ್ಟಿನಲ್ಲಿ ನಿದ್ದೆ ಹೋಗುತ್ತದೆ. ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎನಿಸುತ್ತದೆ. ಪಲ್ಟನ್ನಿನ ಅಧಿಕಾರಿ ಅವನ ನಡವಳಿಕೆಯ ಬಗ್ಗೆ ವರದಿ ಬರೆದು ಮಿಲಿಟರಿ ಆಸ್ಪತ್ರೆಯ ಮನೋರೋಗ ವಾರ್ಡಿಗೆ ಕಳಿಸುತ್ತಾರೆ. ಸೇನೆಯಲ್ಲಿ ಆರೋಗ್ಯವನ್ನು ಐದು ಅಕ್ಷರಗಳಲ್ಲಿ ಅಳೆಯುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಒಂದೊಂದಕ್ಕೂ ಒಂದೊಂದು ಅಕ್ಷರ. ಐದೂ ಸೇರಿದರೆ ‘ಶೇಪ್’. ಮನಸ್ಸಿನ ಅಕ್ಷರ ‘ಎಸ್’. ಎಸ್-1 ಎಂದರೆ ಸರಿ ಇದ್ದಾನೆ. ಎಸ್-5 ಎಂದರೆ ಇನ್ನು ಸೇನೆಗೆ ಆಗುವುದಿಲ್ಲ. ಆಗ ಅವನನ್ನು ವೈದ್ಯರ ಮಂಡಳಿಯ ಮುಂದೆ ನಿಲ್ಲಿಸುತ್ತಾರೆ. ಸಿಪಾಯಿಗಳ ಬಾಯಲ್ಲಿ ಅದು ‘ಬೋರ್ಡ್’. ಹಾಗೆ ಹೊರಬಂದವನು ‘ಬೋರ್ಡ್ ಔಟ್’.

ಮಂಡಳಿಯ ನಮೂನೆಯಲ್ಲಿ ಕೆಲವು ಪ್ರಶ್ನೆಗಳಿರುತ್ತವೆ. ಈ ತೊಂದರೆ ಸೇರುವ ಮೊದಲೇ ಇತ್ತೆ? ಸೇವೆಯಿಂದ ಬಂತೆ? ಸೇವೆಯಿಂದ ಉಲ್ಬಣಿಸಿತೆ? ಎಷ್ಟು ಶೇಕಡಾ ಅಂಗವೈಕಲ್ಯ? ಕಾರಣವೇನು? ನಮ್ಮ ಹುಡುಗನ ಹಾಳೆಯಲ್ಲಿ ಉತ್ತರ ಹೀಗಿರುತ್ತದೆ: ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಕಾರಣದ ಜಾಗದಲ್ಲಿ ಒಂದೇ ಮಾತು: ಅವನ ದೇಹಪ್ರಕೃತಿಯಿಂದಲೇ ಹುಟ್ಟಿದ ಕಾಯಿಲೆ. ‘ಬಂದದ್ದೂ ಅಲ್ಲ, ಹೆಚ್ಚಾದದ್ದೂ ಅಲ್ಲ’ ಎಂಬ ಉತ್ತರವನ್ನು ವಕೀಲರೂ ಮಾಜಿ ಸೈನಿಕರೂ ಅದರ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ‘ನಾನಾ’ ಎನ್ನುತ್ತಾರೆ.

ಈ ಸಾಲನ್ನು ನಾನು ಅವನ ತಾಯಿಗೆ ಓದಿ ಹೇಳುವ ಪ್ರಸಂಗವನ್ನು ಹಲವು ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ.

‘ಏನ್ ಬರದಾರಪ್ಪ ಅದರಾಗ?’

‘ಯವ್ವಾ, ಇದು ಮೊದಲಿಂದ ಅವನ ಮೈಯಾಗ ಇದ್ದ ಬ್ಯಾನಿ ಅಂತ ಬರದಾರ. ನೌಕರಿಗೂ ಇದಕ್ಕೂ ಸಂಬಂಧ ಇಲ್ಲಂತ.’

‘ಮೊದಲಿಂದ ಅಂದ್ರ? ನನ್ನ ಹೊಟ್ಟ್ಯಾಗಿಂದೇನು?’

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಇಂಗ್ಲಿಷಿನಲ್ಲಿ ತಣ್ಣಗೆ ಕೂತಿರುವ ಆ ಪದ ಕನ್ನಡಕ್ಕೆ ಬಂದ ಕೂಡಲೇ ಒಂದು ಮನೆತನದ ಮೇಲೆ ಹೊರಿಸಿದ ಆರೋಪವಾಗುತ್ತದೆ. ಬೀಜದಲ್ಲೇ ದೋಷ ಎಂದಂತಾಗುತ್ತದೆ. ತಂಗಿಯ ಮದುವೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ತಾಯ್ನುಡಿಯಲ್ಲಿ ಬರೆಯಬೇಕಾಗಿ ಬಂದರೆ ಬರೆಯುವ ಕೈ ಒಂದು ಗಳಿಗೆ ತಡೆಯುತ್ತದೆ ಎಂದು ನನಗನ್ನಿಸುತ್ತದೆ. ಆ ತಡೆಯುವಿಕೆಯೇ ಈ ಕಡತಗಳಲ್ಲಿ ಕಾಣೆಯಾಗಿರುವುದು.

ಹಣದ ಲೆಕ್ಕಕ್ಕೂ ಈ ಸಾಲೇ ಕೀಲಿ. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮದ ಪ್ರಕಾರ ಅಂಗವೈಕಲ್ಯ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಹೆಚ್ಚಾಗಿರಬೇಕು, ಮತ್ತು ಶೇ 20ಕ್ಕೆ ಕಡಿಮೆ ಇರಬಾರದು. ಆಗಷ್ಟೇ ಅಂಗವೈಕಲ್ಯ ಪಿಂಚಣಿ. ‘ನಾನಾ’ ಎಂದು ಬಿದ್ದರೆ ಅದಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಬಂದವನಿಗೆ ಒಂದು ಇಡಿಗಂಟು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಆ ಹತ್ತು ವರ್ಷದ ಷರತ್ತನ್ನು ಸಡಿಲಿಸಿತು, ಆದರೆ 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ. ಅದಕ್ಕೆ ಮೊದಲೇ ಟ್ರಂಕು ಹೊತ್ತು ಬಂದವರು ಹೊರಗೇ ಉಳಿದರು. ‘ಮಾಜಿ ಸೈನಿಕ’ ಎಂಬ ಹೆಸರೂ ಇದೇ ಸಾಲಿಗೆ ಗಂಟುಬಿದ್ದಿದೆ: ವೈದ್ಯಕೀಯ ಕಾರಣಕ್ಕೆ ಅರ್ಧದಲ್ಲಿ ಬಂದವನು ಉದ್ಯೋಗ ಮೀಸಲಾತಿಗೆ ಮಾಜಿ ಸೈನಿಕ ಎನಿಸಿಕೊಳ್ಳಬೇಕಾದರೆ ಪಿಂಚಣಿಯ ಕಾಗದ ತೋರಿಸಬೇಕಾಗುತ್ತದೆ. ಹೀಗೆ ಒಂದು ಸಾಲಿಗೆ ಪಿಂಚಣಿ, ಉದ್ಯೋಗ, ಚಿಕಿತ್ಸೆ, ಮದುವೆ, ಊರಿನ ಮರ್ಯಾದೆ ಎಲ್ಲವೂ ಜೋತುಬಿದ್ದಿವೆ.

ತಿದ್ದಿಸಬಹುದೇ? ಬಹುದು. ಇದನ್ನು ನಂಬಬೇಕಾದರೆ ವೀರ್ ಪಾಲ್ ಸಿಂಗ್ ಎಂಬ ಒಬ್ಬ ಸಿಪಾಯಿಯ ಕತೆ ತಿಳಿದಿರಬೇಕು.

ಅವನು ಕನ್ನಡಿಗನಲ್ಲ, ಉತ್ತರದವನು. 1972ರಲ್ಲಿ ಸೇನೆಯ ಎಲೆಕ್ಟ್ರಿಕಲ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ದಳಕ್ಕೆ ಸೇರಿದ. 1977ರ ನವೆಂಬರಿನಲ್ಲಿ ‘ಸ್ಕಿಜೋಫ್ರೆನಿಕ್ ರಿಯಾಕ್ಷನ್’ ಎಂಬ ಎರಡು ಪದ ಬರೆದು ಮನೆಗೆ ಕಳಿಸಿದರು. ಪಿಂಚಣಿಯ ಅರ್ಜಿ ತಿರಸ್ಕಾರವಾಯಿತು. ಅವನು ಬಿಡಲಿಲ್ಲ. ಕಚೇರಿ, ಹೈಕೋರ್ಟು, ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಎಲ್ಲ ಸುತ್ತಿ ಕೊನೆಗೆ ಸುಪ್ರೀಂ ಕೋರ್ಟಿಗೆ ಬಂದ. ತೀರ್ಪು ಬಂದದ್ದು 2013ರ ಜುಲೈ 2ರಂದು. ಲೆಕ್ಕ ಹಾಕಿ: ಮೂವತ್ತೈದು ವರ್ಷ ಮೀರಿತ್ತು. ಹುಡುಗನಾಗಿ ಹೊರಬಂದವನು ಮುದುಕನಾಗಿದ್ದ.

ನ್ಯಾಯಮೂರ್ತಿಗಳು ಮಾಡಿದ ಕೆಲಸ ನನಗೆ ತುಂಬ ಮುಖ್ಯವೆನಿಸುವುದು ಅದರ ಸರಳತೆಯಿಂದ. ಅವರು ಕಡತ ತರಿಸಿ ಓದಿದರು. ಅಷ್ಟು ವರ್ಷ ಅಷ್ಟು ಕಚೇರಿಗಳಲ್ಲಿ ಎಲ್ಲರೂ ‘ಮಂಡಳಿ ಹೇಳಿದೆ’ ಎಂದು ಕೊನೆಯ ಸಾಲು ನೋಡಿ ಮುಚ್ಚಿಟ್ಟಿದ್ದರು. ಮನೋವೈದ್ಯರ ಟಿಪ್ಪಣಿಯಲ್ಲಿ ನಿಜಕ್ಕೂ ಏನಿದೆ ಎಂದು ಇವರು ನೋಡಿದರು. ಅಲ್ಲಿದ್ದದ್ದು, ಈತ ಜಗಳಗಂಟ, ಸಿಡುಕ, ಹಿಂದುಮುಂದು ನೋಡದೆ ವರ್ತಿಸುವವನು, ಚಿಕಿತ್ಸೆಯಿಂದ ಸುಧಾರಿಸಿದ್ದಾನೆ ಎಂಬಂಥ ಮಾತುಗಳು. ಇಷ್ಟರಿಂದ ಒಬ್ಬ ಮನುಷ್ಯನಿಗೆ ಅಂಥ ಭಾರವಾದ ಹೆಸರು ಕಟ್ಟಿಬಿಟ್ಟಿರಾ ಎಂಬುದು ಕೋರ್ಟಿನ ಪ್ರಶ್ನೆ. ಕಾಯಿಲೆಯ ಅರ್ಥವೇನೆಂದು ವೈದ್ಯಕೀಯ ಗ್ರಂಥಗಳನ್ನೇ ತೀರ್ಪಿನಲ್ಲಿ ಎತ್ತಿ ಇಟ್ಟು ಹೋಲಿಸಿದರು. ಮಂಡಳಿಯ ಅಭಿಪ್ರಾಯ ದೇವರ ವಾಕ್ಯವಲ್ಲ, ಅದನ್ನು ಪರಿಶೀಲಿಸಬಹುದು ಎಂದು ಹೇಳಿ ಮರುಪರಿಶೀಲನಾ ವೈದ್ಯಕೀಯ ಮಂಡಳಿಯ ಮುಂದೆ ಅವನನ್ನು ಮತ್ತೆ ನಿಲ್ಲಿಸಲು ಆದೇಶಿಸಿದರು.

ಅದೇ ದಿನ ಅದೇ ಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ಸಿಗ್ನಲ್ಸ್ ದಳದ ಧರ್ಮವೀರ್ ಸಿಂಗ್‌ನದು. ಅವನನ್ನು 1994ರಲ್ಲಿ ಮೂರ್ಛೆ ರೋಗವೆಂದು ಶೇ 20 ಅಂಗವೈಕಲ್ಯ ಬರೆದು ಕಳಿಸಿದ್ದರು. ಅವನದು ಮನೋರೋಗವಲ್ಲವಾದರೂ ಇಂದು ಮನೋರೋಗದ ಪ್ರತಿ ಅರ್ಜಿಯೂ ಅವನ ಹೆಗಲ ಮೇಲೆ ಕೈಯಿಟ್ಟೇ ನಡೆಯುತ್ತದೆ. 1982ರ ಅರ್ಹತಾ ನಿಯಮಗಳನ್ನು ಬಿಡಿಸಿ ಓದಿದ ಕೋರ್ಟು ಹೇಳಿದ್ದರ ಸಾರ ಇದು. ಸೇರುವಾಗ ‘ಫಿಟ್’ ಎಂದು ಬರೆದವರು ನೀವೇ. ಆಗ ಯಾವ ಕಾಯಿಲೆಯೂ ದಾಖಲಾಗಿರದಿದ್ದರೆ ಆಮೇಲೆ ಕಂಡದ್ದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು. ಅಲ್ಲ ಎನ್ನುವುದಾದರೆ ತೋರಿಸುವ ಹೊಣೆ ಸೇನೆಯದು, ಸಿಪಾಯಿಯದಲ್ಲ. ಸಂಶಯ ಉಳಿದರೆ ಅದರ ಲಾಭ ಸಿಪಾಯಿಗೆ. ಭರ್ತಿಯ ವೇಳೆ ಇದನ್ನು ಪತ್ತೆಮಾಡಲು ಆಗುತ್ತಿರಲಿಲ್ಲ ಎಂದು ಮಂಡಳಿ ಹೇಳುವುದಾದರೆ ಯಾಕೆ ಆಗುತ್ತಿರಲಿಲ್ಲ ಎಂದು ಕಾರಣ ಬರೆಯಬೇಕು.

ಯಾದಗಿರಿಯಿಂದ ಗಾಡಿ ಹತ್ತಿದ ಹುಡುಗನ ಆ ‘ಫಿಟ್’ ಈಗ ಕೆಲಸಕ್ಕೆ ಬಂತು.

ದಾರಿ ಇಲ್ಲಿಂದ ನೇರವಾಗಿದೆ ಎಂದು ಬರೆದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. 2019ರ ಅಕ್ಟೋಬರಿನಲ್ಲಿ ನರಸಿಂಗ್ ಯಾದವ್ ಎಂಬ ಸಿಪಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಒಪ್ಪಲಿಲ್ಲ. ಅವನದು ಸ್ಕಿಜೋಫ್ರೇನಿಯಾ. ಮನೋರೋಗವನ್ನು ಭರ್ತಿಯ ದಿನದ ತಪಾಸಣೆಯಲ್ಲಿ ಹಿಡಿಯಲಾಗದು, ಹಾಗಾಗಿ ‘ಫಿಟ್’ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಸೇವೆಯಿಂದ ಬಂತೆಂದು ತಾನಾಗಿಯೇ ಭಾವಿಸಲಾಗದು, ಒಂದೊಂದು ಪ್ರಕರಣವನ್ನೂ ಅದರದರ ಸಂಗತಿಯ ಮೇಲೆ ನೋಡಬೇಕು ಎಂಬುದು ಆ ತೀರ್ಪಿನ ನಿಲುವು. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಿಗೆ. ಸೇನೆಗೆ ಸೇರುವ ವಯಸ್ಸೂ ಅದೇ. ವಂಶವಾಹಿಯ ಪಾಲು ಅದರಲ್ಲಿದೆ ಎಂಬುದೂ ವಿಜ್ಞಾನ ಒಪ್ಪಿದ ಸಂಗತಿ. ಆದರೆ ಒಳಗಿದ್ದ ಕಿಡಿಗೆ ಗಾಳಿ ಬೀಸಿದವರು ಯಾರು ಎಂಬ ಪ್ರಶ್ನೆ ಅದರಿಂದ ಮುಗಿಯುವುದಿಲ್ಲ. ನಿಯಮದಲ್ಲಿ ‘ಬಂದದ್ದು’ ಎಂಬುದರ ಪಕ್ಕದಲ್ಲೇ ‘ಹೆಚ್ಚಾದದ್ದು’ ಎಂದು ಇನ್ನೊಂದು ಪದ ಇಟ್ಟಿರುವುದು ಇದಕ್ಕಾಗಿಯೇ. ವರ್ಷಗಟ್ಟಲೆ ನಿದ್ದೆಗೆಟ್ಟ ಕಾವಲು, ಹಿಮದ ಪೋಸ್ಟು, ಉಗ್ರರ ವಿರುದ್ಧದ ಕಾರ್ಯಾಚರಣೆ, ಮನೆಯಲ್ಲಿ ತಂದೆ ಸತ್ತರೂ ಸಿಗದ ರಜೆ — ಇವುಗಳಲ್ಲಿ ಯಾವುದೂ ಆ ಕಿಡಿಯನ್ನು ಮುಟ್ಟಲಿಲ್ಲ ಎಂದು ಹೇಳುವವರು ಹೇಗೆ ಮುಟ್ಟಲಿಲ್ಲ ಎಂದೂ ಬರೆಯಬೇಕು.

2025ರ ಮೇ 7ರಂದು ಸುಪ್ರೀಂ ಕೋರ್ಟು ಮತ್ತೆ ಅಲ್ಲಿಗೇ ಬಂದು ನಿಂತಿತು. ರಾಜುಮೋನ್ ಎಂಬ ಸಿಪಾಯಿಯನ್ನು ಸುಮಾರು ಒಂಬತ್ತು ವರ್ಷದ ಸೇವೆಯ ಬಳಿಕ 1998ರಲ್ಲಿ ಸ್ಕಿಜೋಫ್ರೇನಿಯಾ ಎಂದು ಕಳಿಸಿದ್ದರು. ಮಂಡಳಿ ಕಾರಣ ಬರೆದಿರಲಿಲ್ಲ. ಕಾರಣವಿಲ್ಲದ ಅಭಿಪ್ರಾಯದ ಮೇಲೆ ಒಬ್ಬನ ಪಿಂಚಣಿ ಕಿತ್ತುಕೊಳ್ಳಲಾಗದು ಎಂದು ಕೋರ್ಟು ಹೇಳಿತು. ಈ ಎಲ್ಲ ತೀರ್ಪುಗಳನ್ನು ಓದಿ ನನಗೆ ಖಚಿತವಾದದ್ದು ಒಂದೇ. ಈ ಸಿಪಾಯಿಗಳು ತಮ್ಮ ಕಾಯಿಲೆಯನ್ನು ಕಡತದಿಂದ ಅಳಿಸಿ ಎಂದು ಕೇಳುತ್ತಿಲ್ಲ. ಕಾಯಿಲೆ ಬಂದದ್ದು ನಿಜ ಎಂದು ಅವರೇ ಹೇಳುತ್ತಾರೆ. ಅದು ಯಾವಾಗ, ಎಲ್ಲಿ, ಏನು ಮಾಡುತ್ತಿದ್ದಾಗ ಬಂತು ಎಂದು ಸರಿಯಾಗಿ ಬರೆಯಿರಿ ಎನ್ನುವುದಷ್ಟೇ ಅವರ ಬೇಡಿಕೆ.

ನಮ್ಮ ನೆಲಕ್ಕೆ ಈ ಬೇಡಿಕೆ ಹೊಸದಲ್ಲ.  1858ರ ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನೇ ನೋಡಿ. ಬ್ರಿಟಿಷರ ವಿರುದ್ಧ ಎದ್ದು, ಹೈದರಾಬಾದಿನಲ್ಲಿ ಸೆರೆಸಿಕ್ಕು, ಶಿಕ್ಷೆಯಾಗಿ, ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ ತರುಣ. ಕಾವಲು ಅಧಿಕಾರಿಯ ರಿವಾಲ್ವರಿನಿಂದ ತಾನೇ ಹೊಡೆದುಕೊಂಡ ಎಂಬುದು ಆಗ ಬಂದ ವಿವರಣೆ. ಇದನ್ನು ನಾವು ಮುಖ್ಯವಾಗಿ ತಿಳಿಯುವುದು ಮೆಡೋಸ್ ಟೇಲರ್ ಬರೆದ ಇಂಗ್ಲಿಷ್ ಆತ್ಮಕಥೆಯಿಂದ. ಅದು ಅಚ್ಚಾದದ್ದು 1877ರಲ್ಲಿ. ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸುರಪುರದ ಆಡಳಿತ ನಡೆಸಿದವನು ಟೇಲರ್; ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಊರಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಟೇಲರನ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೂ ನಮ್ಮ ರಾಜ ಹೇಗೆ ಸತ್ತ ಎಂಬುದಕ್ಕೆ ಸೆರೆಹಿಡಿದವರ ಕಡತವೇ ಆಧಾರ, ಸತ್ತವನ ಕಡೆಯಿಂದ ಒಂದು ಸಾಲೂ ಇಲ್ಲ. ಆ ಕಡತವನ್ನು ತಿದ್ದಿಸಲು ಹೋಗಬಹುದಾದ ಕಚೇರಿಯೂ ಇಲ್ಲ. ಇಂದಿನ ಸಿಪಾಯಿಗೆ ಕಚೇರಿ ಇದೆ ಎಂಬುದೇ ನಡುವಿನ ಅಂತರ.

ಆ ಕಚೇರಿಗಳ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಮನೆಯವರು ಸೋಲುವುದು ಇಲ್ಲಿಯೇ.

ಮೊದಲು ಕಾಗದ ಬೇಕು. ಡಿಸ್ಚಾರ್ಜ್ ಬುಕ್ಕು ಮನೆಯಲ್ಲಿರುತ್ತದೆ, ಮಂಡಳಿಯ ನಡವಳಿ ಇರುವುದಿಲ್ಲ. ಅದು ಇರುವುದು ಅವನ ದಳದ ರೆಕಾರ್ಡ್ಸ್ ಕಚೇರಿಯಲ್ಲಿ. ಮದ್ರಾಸ್ ಎಂಜಿನಿಯರ್ ಗ್ರೂಪಿನವನಾದರೆ ಬೆಂಗಳೂರು, ಮರಾಠಾ ಲಘು ಪದಾತಿದಳದವನಾದರೆ ಬೆಳಗಾವಿ, ಸಿಗ್ನಲ್ಸ್‌ನವನಾದರೆ ಜಬಲ್ಪುರ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ತನ್ನದೇ ವೈದ್ಯಕೀಯ ದಾಖಲೆಯ ಪ್ರತಿ ಕೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮು ಕೂಡ ರೋಗಿಗೆ ತನ್ನ ದಾಖಲೆ ಕೇಳುವ ಹಕ್ಕು ಕೊಟ್ಟಿದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬಹುದು ಎಂದು ಕಾಯ್ದೆಯೇ ಹೇಳಿದೆ. ಕೇಳಬೇಕಾದ್ದು ಭರ್ತಿಯ ದಿನದ ತಪಾಸಣಾ ಹಾಳೆ, ಅಧಿಕಾರಿಯ ನಡವಳಿಕೆ ವರದಿ, ಆಸ್ಪತ್ರೆಯ ಟಿಪ್ಪಣಿ, ಮಂಡಳಿಯ ಪೂರ್ತಿ ನಡವಳಿ. ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು ಎಂಬ ಪಟ್ಟಿಯನ್ನೂ ಮರೆಯಬಾರದು. ಕಾಯಿಲೆ ಮೊದಲು ಕಂಡ ತಿಂಗಳು ಅವನು ಯಾವ ಬೆಟ್ಟದ ಮೇಲಿದ್ದ ಎಂಬುದು ಅದರಲ್ಲಿ ಸಿಗುತ್ತದೆ.

ಇದಕ್ಕೆ ಒಂದು ಗಡುವಿದೆ, ಅದನ್ನು ಯಾರೂ ಹೇಳುವುದಿಲ್ಲ. ಪಿಂಚಣಿ ಇಲ್ಲದೆ ಹೋದವರ ಕಡತವನ್ನು 25 ವರ್ಷ ಇಟ್ಟು ಆಮೇಲೆ ನಾಶಮಾಡಬಹುದು ಎಂಬುದು ಸೇನೆಯ ನಿಯಮ. ಯಾರಿಗೆ ಅನ್ಯಾಯವಾಗಿ ಪಿಂಚಣಿ ತಪ್ಪಿತೋ ಅವನ ಸಾಕ್ಷ್ಯವೇ ಮೊದಲು ಬೆಂಕಿಗೆ ಬೀಳುತ್ತದೆ. 2000ದ ಆಸುಪಾಸಿನಲ್ಲಿ ಮನೆಗೆ ಬಂದವರು ಈ ಸಾಲನ್ನು ಓದುತ್ತಿದ್ದರೆ, ದಯವಿಟ್ಟು ಈ ವಾರವೇ ಅರ್ಜಿ ಹಾಕಿಸಿ.

ಕಾಗದ ಕೈಗೆ ಬಂದ ಮೇಲೆ ಇಲಾಖೆಯೊಳಗೇ ಎರಡು ಮೇಲ್ಮನವಿಗಳಿವೆ. ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿದ ಈ ಮಂಡಳಿಯಲ್ಲಿ ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಭೀಮಾ ತೀರದ ಮುದುಕಿಯೊಬ್ಬಳಿಗೆ ಕೊಚ್ಚಿ ಎಂದರೆ ಕಾಶಿಗಿಂತ ದೂರ. ಕಾಶಿಗಾದರೂ ಊರಲ್ಲಿ ಹೋಗಿಬಂದವರಿರುತ್ತಾರೆ. ಅಲ್ಲಿ ಸೋತರೆ ಎಲ್ಲ ಮುಗಿಯಿತೆಂದು 2015ರ ಒಂದು ತೀರ್ಪಿನ ಬಳಿಕ ಬಹಳ ಜನ ಕೈಚೆಲ್ಲಿದ್ದರು. 2023ರ ಮಾರ್ಚಿನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ರಿಟ್ ಅಧಿಕಾರ ಹೋಗಿಲ್ಲ ಎಂದು ಸ್ಪಷ್ಟಮಾಡಿತು.

‘ಇಪ್ಪತ್ತು ವರ್ಸ ಆತ್ರೀ, ಈಗೇನ್ ಕೇಳ್ತಾರ’ ಎನ್ನುವ ಮಾತನ್ನು ನಂಬಿ ಕೂತವರಿಗೆ ತರಸೇಮ್ ಸಿಂಗ್ ಹೆಸರು ಹೇಳಬೇಕು. 1983ರಲ್ಲಿ ಹೊರಬಂದ ಅವನು ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಪ್ಪಿಸುವುದು ಒಂದು ದಿನದ ತಪ್ಪಲ್ಲ, ಅದು ತಿಂಗಳು ತಿಂಗಳೂ ಮತ್ತೆ ನಡೆಯುವ ತಪ್ಪು, ಹಾಗಾಗಿ ತಡವಾದರೂ ಕೇಳಬಹುದು ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತ. ಶೇ 20 ಎಂದು ಬರೆದಿದ್ದರೂ ಸಿಗುವುದು ಶೇ 20ರ ಲೆಕ್ಕವಲ್ಲ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದು ಎಣಿಸುವ ಪದ್ಧತಿಯ ಲಾಭ 2014ರ ರಾಮ್ ಅವತಾರ್ ತೀರ್ಪಿನಿಂದ ಇನ್ನಷ್ಟು ಜನರಿಗೆ ಸಿಕ್ಕಿತು.

ವಕೀಲರ ಖರ್ಚು? ಪರಿಶಿಷ್ಟ ಪಂಗಡದವರು, ಪರಿಶಿಷ್ಟ ಜಾತಿಯವರು, ಮಹಿಳೆಯರು, ಅಂಗವಿಕಲರು ಇವರೆಲ್ಲರಿಗೂ 1987ರ ಕಾನೂನು ಸೇವೆಗಳ ಕಾಯ್ದೆ ಉಚಿತ ವಕೀಲರನ್ನು ಕೊಡುತ್ತದೆ. ಸುರಪುರ ಸೀಮೆಯ ಬೇಡ, ನಾಯಕ, ವಾಲ್ಮೀಕಿ ಮನೆಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವು. 2025ರ ಕಾರ್ಗಿಲ್ ದಿನ, ಜುಲೈ 26ರಂದು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರ ಕುಟುಂಬಗಳಿಗಾಗಿಯೇ ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಆರಂಭಿಸಿದೆ. ಜಿಲ್ಲಾ ಕೋರ್ಟಿನ ಆವರಣದ ಕಾನೂನು ಸೇವೆಗಳ ಕಚೇರಿಗೆ ಟ್ರಂಕಿನ ಕಾಗದ ಹಿಡಿದು ಹೋದರೆ ಮೊದಲ ಹೆಜ್ಜೆ ಅಲ್ಲಿಂದಲೇ ಆಗುತ್ತದೆ.

ಇವೆಲ್ಲ ‘ಬೋರ್ಡ್’ ಆಗಿ ಬಂದವರ ಮಾತು. ಇನ್ನೊಂದು ಗುಂಪಿದೆ, ನನ್ನನ್ನು ಹೆಚ್ಚು ಕಾಡುವುದು ಅವರೇ. ಇವರ ಕಾಗದದಲ್ಲಿ ಕಾಯಿಲೆಯ ಹೆಸರೇ ಇರುವುದಿಲ್ಲ. ರಜೆಗೆ ಬಂದವನು ಮರಳಲಿಲ್ಲ. ಮನೆಯ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಮನೆಯವರು ಗುಡಿ, ದರ್ಗಾ, ಅಂತ್ರ ಎಂದು ಓಡಾಡಿದರು. ಪಲ್ಟನ್ನಿನಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿ ಬಿತ್ತು. ಮರಳಿ ಹೋದ ಮೇಲೆ ಕೆಂಪು ಶಾಯಿಯ ಶಿಕ್ಷೆ, ಅಂದರೆ ದಾಖಲೆಯಲ್ಲಿ ಕೆಂಪು ಶಾಯಿಯಿಂದ ಬರೆಯುವ ಶಿಕ್ಷೆ. ಹೀಗೆ ನಾಲ್ಕು ಕೆಂಪು ಶಾಯಿ ಸೇರಿದರೆ ಸೇನೆಗೆ ಬೇಡದವನು ಎಂದು ಹೊರಗೆ. ಅವನ ಕಾಗದದಲ್ಲಿ ರೋಗಿ ಎಂದಿಲ್ಲ, ಅಶಿಸ್ತಿನವನು ಎಂದಿದೆ. 2015ರ ವೀರೇಂದ್ರ ಕುಮಾರ್ ದುಬೆ ತೀರ್ಪು ಇಂಥವರಿಗೆ ಸಿಕ್ಕ ಒಂದು ಊರುಗೋಲು. ನಾಲ್ಕು ಕೆಂಪು ಶಾಯಿ ಇದ್ದ ಮಾತ್ರಕ್ಕೆ ಹೊರಹಾಕಲಾಗದು, ಮೊದಲು ವಿಚಾರಣೆ ನಡೆಸಿ ಅವನ ಸೇವೆ, ಅವನಿದ್ದ ಜಾಗದ ಕಷ್ಟ ಎಲ್ಲವನ್ನೂ ನೋಡಬೇಕು ಎಂದು ಕೋರ್ಟು ಹೇಳಿತು.

ಅರೆಸೇನಾಪಡೆಗಳ ಕತೆ ಬೇರೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನವರಿಗೆ ಕೊಚ್ಚಿಯ ಮಂಡಳಿ ಇಲ್ಲ. ಅವರು ನೇರ ಹೈಕೋರ್ಟಿಗೆ ಹೋಗಬೇಕು. ಕಲಬುರಗಿಯಲ್ಲಿ ಪೀಠ ಇರುವುದು ನಮ್ಮ ಕಡೆಯವರಿಗೆ ಅನುಕೂಲ. ಆದರೆ ಮಾಹಿತಿ ಹಕ್ಕು ಕಾಯ್ದೆ ಈ ಪಡೆಗಳಿಗೆ ಬಹುಮಟ್ಟಿಗೆ ಅನ್ವಯಿಸದು, ಹಾಗಾಗಿ ಕಾಗದ ಪಡೆಯುವುದೇ ಕಷ್ಟ. ಸಿಆರ್‌ಪಿಎಫ್‌ನ ಅಧಿಕಾರಿ ರವೀಂದರ್ ಕುಮಾರ್ ಧಾರೀವಾಲ್ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಬಂದ ತೀರ್ಪನ್ನು ಇಲ್ಲಿ ನೆನೆಯಬೇಕು. ತೀವ್ರ ಖಿನ್ನತೆ ಮತ್ತು ಗೀಳುರೋಗದಲ್ಲಿದ್ದವನ ಮೇಲೆ ಶಿಸ್ತುಕ್ರಮ ಜರುಗಿಸುವಾಗ ಅವನ ಕಾಯಿಲೆಯೇ ಆ ವರ್ತನೆಯ ಒಂದು ಕಾರಣವಾಗಿರಬಹುದು, ಅದನ್ನು ಲೆಕ್ಕಿಸದೆ ಶಿಕ್ಷಿಸುವುದು ತಾರತಮ್ಯ ಎಂದು ಸುಪ್ರೀಂ ಕೋರ್ಟು ಹೇಳಿ ಆ ಕ್ರಮವನ್ನು ರದ್ದುಮಾಡಿತು.

ಹೊರದೇಶಗಳೂ ಈ ದಾರಿಯಲ್ಲಿ ಎಡವಿಯೇ ನಡೆದಿವೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿದ ಕೂಡಲೇ ಸೈನಿಕರ ದಾಖಲೆ ತಿದ್ದುವ ಮಂಡಳಿಗಳನ್ನು ಕಾನೂನಿನಿಂದಲೇ ರಚಿಸಿದರು. ಆದರೂ ಯುದ್ಧದ ಆಘಾತದಿಂದ ಬಳಲುತ್ತಿದ್ದ ಸಾವಿರಾರು ಜನರ ಕಾಗದದಲ್ಲಿ ‘ವ್ಯಕ್ತಿತ್ವ ದೋಷ’ ಎಂದು ಬರೆದು ಕಳಿಸಿದರು. ನಮ್ಮ ‘ದೇಹಪ್ರಕೃತಿ’ಯ ಒಡಹುಟ್ಟಿದ ಪದ ಅದು. 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಒಂದು ಸೂಚನೆ ಹೊರಡಿಸಿ, ಅಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದರು. 2017ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು. ಬ್ರಿಟನ್ ತಡಮಾಡಿದ್ದು ಇನ್ನೂ ಹೆಚ್ಚು. ಮೊದಲ ಮಹಾಯುದ್ಧದಲ್ಲಿ ಹೇಡಿಗಳು, ಓಡಿಹೋದವರು ಎಂದು ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಜನರ ಕೈಕಾಲು ನಡುಗುತ್ತಿದ್ದದ್ದು ಫಿರಂಗಿಯ ಸದ್ದಿನ ಆಘಾತಕ್ಕೆ. ಹ್ಯಾರಿ ಫಾರ್ ಎಂಬ ಸೈನಿಕನ ಮಗಳು ತೊಂಬತ್ತು ದಾಟಿದ ಮುದುಕಿ. ಅಪ್ಪನಿಗೆ ಆ ಕ್ಷಮೆ ಸಿಕ್ಕ ಮೇಲೆಯೇ ಅವಳು ಸುಮ್ಮನಾದಳು.

ಇಷ್ಟು ವರ್ಷ ಕಾಯುವ ಅಗತ್ಯ ನಮಗಿಲ್ಲ. ಈಗ ಯಾದಗಿರಿ ನಿಲ್ದಾಣದಲ್ಲಿ ಗಾಡಿ ಹತ್ತುವ ಹುಡುಗ ಅಗ್ನಿವೀರ. ನಾಲ್ಕು ವರ್ಷದ ನೌಕರಿ, ಪಿಂಚಣಿ ಇಲ್ಲ. ಅಂಗವೈಕಲ್ಯ ಶೇ 100 ಆದರೆ 44 ಲಕ್ಷ, 75 ಆದರೆ 25 ಲಕ್ಷ, 50 ಆದರೆ 15 ಲಕ್ಷ ರೂಪಾಯಿ ಪರಿಹಾರ ಎಂದು ಯೋಜನೆ ಹೇಳುತ್ತದೆ. ಅದೂ ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಹೆಚ್ಚಾದದ್ದು ಎಂದು ಮಂಡಳಿ ಬರೆದರೆ ಮಾತ್ರ. ಮತ್ತೆ ಅದೇ ಸಾಲು. 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಟೆಲಿ-ಮಾನಸ್ ಘಟಕ ತೆರೆದದ್ದು ಒಳ್ಳೆಯ ಕೆಲಸ. 14416ಕ್ಕೆ ಕರೆ ಮಾಡಿದರೆ ಊರಿನಲ್ಲಿರುವವರಿಗೂ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ನಡುರಾತ್ರಿ ಪೋಸ್ಟಿನಲ್ಲಿ ನಿಂತ ಹುಡುಗ ತನ್ನ ಭಯವನ್ನು ತನ್ನ ಭಾಷೆಯಲ್ಲಿ ಹೇಳಿಕೊಂಡರೆ ಎಷ್ಟೋ ಟ್ರಂಕುಗಳು ಅರ್ಧದಲ್ಲಿ ಊರಿಗೆ ಬರುವುದು ತಪ್ಪೀತು.

ಮತ್ತೆ 23ನೇ ಕಲಮಿಗೆ ಬರುತ್ತೇನೆ. ನಾನು ಊಹಿಸಿಕೊಂಡ ಆ ಹುಡುಗನಿಗೆ ಕಾಯ್ದೆ ಹೇಳಿದಂತೆ ಕನ್ನಡದಲ್ಲಿ ಪತ್ರ ಬಂದಿದ್ದರೆ ಅದರಲ್ಲಿ ಏನಿರಬಹುದಿತ್ತು ಎಂದು ಹಲವು ಸಲ ಬರೆದು ಹೊಡೆದುಹಾಕಿದ್ದೇನೆ. ಸತ್ಯ ಬಿಡಬಾರದು, ತಾಯಿಗೆ ಓದಿ ಹೇಳುವಂತಿರಬೇಕು. ಕೊನೆಗೆ ಉಳಿದದ್ದು ಇಷ್ಟು:

‘ಸೇರಿದ ದಿನ ಆರೋಗ್ಯವಾಗಿದ್ದ. ಆರು ವರ್ಷ ಎರಡು ತಿಂಗಳು ಸೇವೆ ಮಾಡಿದ, ಅದರಲ್ಲಿ ಎರಡು ವರ್ಷ ಗಡಿಯಲ್ಲಿ. ಅಲ್ಲಿದ್ದಾಗ ಮನಸ್ಸಿನ ಕಾಯಿಲೆ ಬಂತು. ಚಿಕಿತ್ಸೆ ಕೊಡಿಸಿದೆವು. ಮುಂದೆ ಸೇನೆಯ ಕೆಲಸ ಇವನಿಂದ ಆಗದು ಎಂದು ಮನೆಗೆ ಕಳಿಸುತ್ತಿದ್ದೇವೆ.’